ಓದುವವರಿದ್ದರೆ ಬರೆಯುತ್ತಾರೆ

ವಿಜ್ಞಾನ ಕಲಿಸುವವರಿಗೆ ಬರವಣಿಗೆಯ ಗೊಡವೆ ಯಾಕೆ, ಅದು ಭಾಷಾ ಶಿಕ್ಷಕರ ಕೆಲಸವಲ್ಲವೇ ಎಂದು ಸಹಪಾಠಿಗಳು ಕೇಳುವುದುಂಟು. ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯ ಎಂಟನೇ ತರಗತಿ ನನಗೆ ಇದಕ್ಕೆ ಉತ್ತರ ಕೊಟ್ಟಿತು.

ಸೂಕ್ಷ್ಮಜೀವಿಗಳ ಪಾಠದ ನಂತರ, ಹಾಲು ಮೊಸರಾಗುವುದನ್ನು ಮನೆಯಲ್ಲಿ ಗಮನಿಸಿ ಬರೆದು ತರಲು ಹೇಳಿದ್ದೆ. 38 ನೋಟ್‌ಬುಕ್‌ಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ವಾಕ್ಯ: ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಹಾಲನ್ನು ಮೊಸರಾಗಿಸುತ್ತದೆ. ವಾಕ್ಯ ಸರಿಯೇ, ಆದರೆ ಅದರಲ್ಲಿ ಯಾರ ಮನೆಯ ಹಾಲೂ ಇರಲಿಲ್ಲ. ಅದೇ ಮಕ್ಕಳು ಮಾತಿಗೆ ಕೂತರೆ ಬೇರೆಯೇ ಕಥೆ. ಚಳಿಗಾಲದಲ್ಲಿ ಮೊಸರು ಗಟ್ಟಿಯಾಗುವುದಿಲ್ಲವೆಂದು ಅಜ್ಜಿ ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತಾರೆ ಎಂದಳು ಒಬ್ಬ ಹುಡುಗಿ. ಅದನ್ನೇ ಬರಿ ಎಂದರೆ, "ಇದನ್ನೆಲ್ಲ ಯಾರು ಓದ್ತಾರೆ ಮಿಸ್?" ಎಂದಳು.

ನ್ಯಾಯವಾದ ಪ್ರಶ್ನೆ. ಆಗ ಇನ್ನೊಂದು ಶಾಲೆಯಲ್ಲಿ ಇದೇ ಪಾಠ ಮಾಡುತ್ತಿದ್ದ ನನ್ನ ಗೆಳತಿಯ ನೆನಪಾಯಿತು. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಎರಡೂ ತರಗತಿಗಳಿಗೆಂದು ಗೂಗಲ್ ಡಾಕ್ಸ್‌ನಲ್ಲಿ ಒಂದೇ ಕಡತ ತೆರೆದೆವು. ಖಾತೆಗಳು ನಮ್ಮಿಬ್ಬರವು ಮಾತ್ರ. ಮಕ್ಕಳ ಹೆಸರಾಗಲಿ ಫೋಟೋ ಆಗಲಿ ಹಾಕಲಿಲ್ಲ. ಹುಣಸೆ, ಹೊಂಗೆ, ಬೇವು, ನೇರಳೆ ಎಂದು ಗುಂಪಿನ ಹೆಸರುಗಳಲ್ಲೇ ಬರೆದರು.

ನಮ್ಮಲ್ಲಿ ಇಂಟರ್ನೆಟ್ ಇದ್ದ ಕಂಪ್ಯೂಟರ್ ಒಂದೇ. ಮೊದಲು ಹಾಳೆಯಲ್ಲಿ ಬರೆದು, ಸರದಿಯಂತೆ ಟೈಪ್ ಮಾಡಬೇಕಿತ್ತು. ಬರೆಯಲು ಹಿಂಜರಿಯುವವರಿಗೆ ಮಾತನ್ನೇ ಅಕ್ಷರವಾಗಿಸುವ ವಾಯ್ಸ್ ಟೈಪಿಂಗ್ ತೋರಿಸಿದೆ. 'ಹೆಪ್ಪು' ಎಂದದ್ದು 'ಉಪ್ಪು' ಎಂದು ಮೂಡಿದಾಗ ತರಗತಿಯೆಲ್ಲ ನಕ್ಕಿತು. ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡೇ ಅಭ್ಯಾಸವಿದ್ದ ಹುಡುಗನೊಬ್ಬ ಆ ದಿನ ಕಂಪ್ಯೂಟರಿನ ತಪ್ಪುಗಳನ್ನು ಒಂದೊಂದಾಗಿ ತಿದ್ದಿದ.

ಮರುದಿನ ಆ ಶಾಲೆಯಿಂದ ಪ್ರಶ್ನೆಗಳು ಬಂದಿದ್ದವು. "ಹಾಲು ಎಷ್ಟಿತ್ತು? ಎಷ್ಟು ಚಮಚ ಹೆಪ್ಪು ಹಾಕಿದಿರಿ? ಒಲೆ ಪಕ್ಕ ಇಡದಿದ್ದರೆ ಏನಾಗುತ್ತಿತ್ತು?" ಅಜ್ಜಿಯ ಸಂಗತಿ ಬರೆದಿದ್ದ ಹುಡುಗಿಯ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ಅವಳು ಎರಡು ಬಟ್ಟಲಲ್ಲಿ ಒಂದೊಂದು ಲೋಟ ಉಗುರು ಬೆಚ್ಚಗಿನ ಹಾಲು ಹಾಕಿ, ಒಂದೊಂದು ಚಮಚ ಹೆಪ್ಪು ಬೆರೆಸಿ, ಒಂದನ್ನು ಒಲೆಯ ಪಕ್ಕ, ಇನ್ನೊಂದನ್ನು ಕಿಟಕಿಯಲ್ಲಿ ಇಟ್ಟಳು. ಬೆಳಿಗ್ಗೆ ಒಲೆ ಪಕ್ಕದ್ದು ಗಟ್ಟಿಯಾಗಿತ್ತು, ಕಿಟಕಿಯದು ಇನ್ನೂ ನೀರಾಗಿತ್ತು. ಬೆಚ್ಚಗಿದ್ದಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ ಎಂದು ಅವಳೇ ಬರೆದಳು. ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಸಮನಾಗಿಡುವುದು ನಾನು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಉದ್ದೇಶ. ಅದನ್ನು ಕಲಿಸಿದ್ದು ಓದುಗರ ಪ್ರಶ್ನೆ.

ಇಂಟರ್ನೆಟ್‌ನಿಂದ ನಕಲು ಮಾಡಿದ ಗುಂಪೂ ಇತ್ತು. "ಪಾಶ್ಚರೀಕರಣ ಅಂದರೇನು? ನಿಮ್ಮ ಮಾತಲ್ಲಿ ಹೇಳಿ" ಎಂದು ಆ ಕಡೆಯಿಂದ ಕೇಳಿದಾಗ ಅವರೇ ಆ ಭಾಗ ಅಳಿಸಿ ಹೊಸದಾಗಿ ಬರೆದರು.

ಮೌಲ್ಯಮಾಪನಕ್ಕೆ ನನಗೆ ನೆರವಾದದ್ದು ಕಡತದ ಹಳೆಯ ಆವೃತ್ತಿಗಳು. 2 ಸಾಲಿನಿಂದ ಶುರುವಾದ ಬರಹ 11 ಸಾಲಾದ ದಾರಿ ಅಲ್ಲಿ ಕಾಣುತ್ತದೆ. ಕಾಗುಣಿತದ ತಪ್ಪುಗಳಿದ್ದವು, ಅವನ್ನು ಕೊನೆಯಲ್ಲಿ ಒಟ್ಟಿಗೆ ಕೂತು ನೋಡಿದೆವು.

"ನೆಟ್ ಇಲ್ಲದ ದಿನ ಏನ್ ಮಾಡ್ತೀರಮ್ಮ?" ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದ್ದರು. ಆ ದಿನವೂ ಬಂತು. ಎರಡು ದಿನ ಕರೆಂಟ್ ಇರಲಿಲ್ಲ. ಮಕ್ಕಳು ಹಾಳೆಯಲ್ಲಿ ಬರೆದು, "ಸಂಜೆ ಅವರಿಗೆ ತಲುಪಿಸಿ ಮಿಸ್" ಎಂದು ನನ್ನ ಕೈಗಿತ್ತರು. ಅವರಿಗೆ ಬೇಕಿದ್ದದ್ದು ಓದಿ ಮರುಪ್ರಶ್ನೆ ಕೇಳುವ ಮತ್ತೊಂದು ತರಗತಿ. ಆನ್‌ಲೈನ್ ಕಡತ ಅದನ್ನು ಒಂದೇ ದಿನದಲ್ಲಿ ಹತ್ತಿರ ತಂದಿತು. ಅಂಚೆ ಕಾರ್ಡ್ ಆಗಿದ್ದರೆ ವಾರ ಹಿಡಿಯುತ್ತಿತ್ತು. ಮುಂದಿನ ಹಂತದ ಬೋಧನಾಭ್ಯಾಸಕ್ಕೆ ಹೋಗುವ ಗೆಳೆಯರಿಗೆ ನನ್ನ ಸಲಹೆ ಇಷ್ಟೇ: ಯಾವ ಆ್ಯಪ್ ಬಳಸಬೇಕೆಂದು ಹುಡುಕುವ ಮೊದಲು, ನಿಮ್ಮ ಮಕ್ಕಳು ಬರೆದದ್ದನ್ನು ಓದುವವರು ಯಾರು ಎಂದು ಗೊತ್ತುಮಾಡಿಕೊಳ್ಳಿ.