ಕೋಣೆ ನೋಡಿ ಒಪ್ಪುತ್ತಿದ್ದ ಕಾಲ

ಕರ್ನಾಟಕದ ಹೆದ್ದಾರಿಗಳಲ್ಲಿ ಊರಿಂದೂರಿಗೆ ಸಾಗುವವರು ರಾತ್ರಿಯ ವಸತಿಯನ್ನು ಮನೆ ಬಿಡುವ ಮೊದಲೇ ಗೊತ್ತುಮಾಡಿಕೊಳ್ಳುವ ರೂಢಿ ತೀರ ಹಳೆಯದಲ್ಲ. 1970 ಮತ್ತು 80ರ ದಶಕಗಳಲ್ಲಿ ಬೆಂಗಳೂರಿನಿಂದ ಹೊರಟು ಬೇಲೂರು, ಹಳೇಬೀಡು, ಶೃಂಗೇರಿ, ಜೋಗದ ಕಡೆ ತಿರುಗಾಡಿದವರಲ್ಲಿ ಹೆಚ್ಚಿನವರು ಕತ್ತಲಾಗುವ ಹೊತ್ತಿಗೆ ಯಾವ ಊರು ತಲುಪಿದರೋ ಆ ಊರಿನಲ್ಲೇ ತಂಗುತ್ತಿದ್ದರು. ಮುಂಚಿತವಾಗಿ ತಿಳಿಸಬೇಕೆಂದರೆ ಒಂದು ಕಾಗದ ಬರೆಯಬೇಕಿತ್ತು, ಇಲ್ಲವೇ ಟ್ರಂಕ್ ಕಾಲ್, ಎಂದರೆ ಟೆಲಿಫೋನ್ ಎಕ್ಸ್‌ಚೇಂಜಿಗೆ ನಂಬರು ಕೊಟ್ಟು ಸರದಿ ಬರುವತನಕ ಕಾದು ಪಡೆಯುವ ಪರಊರಿನ ಕರೆ, ಅದನ್ನು ನೆಚ್ಚಬೇಕಿತ್ತು. ಒಂದು ರಾತ್ರಿಯ ಕೋಣೆಗೆ ಅಷ್ಟು ಪಾಡು ಪಡುವವರು ಕಡಿಮೆ.

ಅಂಥ ರಾತ್ರಿಗಳಿಗೆ ಆಸರೆಯಾಗಿದ್ದುದು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಎದುರಿಗೋ ಪೇಟೆ ಬೀದಿಯಲ್ಲೋ ಇರುತ್ತಿದ್ದ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’. ಕೆಳಗೆ ತಿಂಡಿ-ಕಾಫಿಯ ಹೋಟೆಲು, ಮೇಲಿನ ಮಹಡಿಯಲ್ಲಿ ಉದ್ದನೆಯ ನಡುವಣ ಹಾದಿ, ಅದರ ಇಕ್ಕೆಲಗಳಲ್ಲಿ ಕೋಣೆಗಳು. ಮೆಟ್ಟಿಲ ಪಕ್ಕದ ಗಲ್ಲಾದಲ್ಲಿ ಕುಳಿತ ಮ್ಯಾನೇಜರು ಬಂದವರ ಸಾಮಾನು, ಜೊತೆಗಿರುವ ಮಕ್ಕಳು ಮುದುಕರು ಎಲ್ಲವನ್ನೂ ಒಮ್ಮೆ ಕಣ್ಣಳತೆಯಲ್ಲಿ ಹಿಡಿದು, ಹುಡುಗನ ಕೈಗೆ ಬೀಗದ ಕೈ ಕೊಟ್ಟು, ‘ಇವರಿಗೆ ರೂಮ್ ತೋರಿಸಿಕೊಂಡು ಬಾರಪ್ಪ’ ಎನ್ನುತ್ತಿದ್ದರು. ಹಣದ ಮಾತು ಕೋಣೆ ನೋಡಿದ ಮೇಲೆ. ಕಿಟಕಿ ತೆರೆದು, ನಲ್ಲಿ ತಿರುಗಿಸಿ, ಹಾಸಿಗೆಯ ಮೇಲುಹೊದಿಕೆ ಸರಿಸಿ ನೋಡಿದವರು, ಹಿಡಿಸಲಿಲ್ಲವೆಂದರೆ ಹಾಗೆಯೇ ಇಳಿದು ಪಕ್ಕದ ಲಾಡ್ಜಿಗೆ ಹೋಗುತ್ತಿದ್ದರು, ಅದನ್ನು ಯಾರೂ ಅವಮಾನವೆಂದು ಎಣಿಸುತ್ತಿರಲಿಲ್ಲ. ಒಪ್ಪಿದರೆ ಅಡ್ಡಗೆರೆ ಉದ್ದಗೆರೆಗಳ ದೊಡ್ಡ ರಿಜಿಸ್ಟರು ಮುಂದೆ ಬರುತ್ತಿತ್ತು: ಹೆಸರು, ಊರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ, ಬಂದ ವೇಳೆ.

ಆ ಕೊನೆಯ ಅಂಕಣಕ್ಕೆ ಇಂದಿನವರಿಗೆ ತೋರುವುದಕ್ಕಿಂತ ಹೆಚ್ಚಿನ ತೂಕವಿತ್ತು. ಬಹಳಷ್ಟು ಲಾಡ್ಜುಗಳಲ್ಲಿ ಬಾಡಿಗೆಯ ದಿನವೆಂದರೆ ಬಂದ ಗಳಿಗೆಯಿಂದ 24 ಗಂಟೆ. ರಾತ್ರಿ 9ಕ್ಕೆ ಬಂದಿಳಿದ ಕುಟುಂಬ ಮರುದಿನವೆಲ್ಲ ದೇವಸ್ಥಾನ ನೋಡಿ, ಸಂಜೆ ಮರಳಿ ಕೈಕಾಲು ತೊಳೆದು, ಊಟ ಮುಗಿಸಿಕೊಂಡು ರಾತ್ರಿಯ ಬಸ್ಸು ಹತ್ತಬಹುದಿತ್ತು. ಮುಂಗಡ ಕಾಯ್ದಿರಿಸುವಿಕೆ ಬೆಳೆದಂತೆ ಈ ಲೆಕ್ಕ ಉಳಿಯುವುದು ಕಷ್ಟವಾಯಿತು, ಏಕೆಂದರೆ ಕೋಣೆಯನ್ನು ವಾರಗಳ ಮೊದಲೇ ಮಾರಬೇಕಾದರೆ ಅದನ್ನು ತಾರೀಖಿನ ಲೆಕ್ಕದಲ್ಲಿ ಮಾರಬೇಕು, ತಾರೀಖಿನ ಲೆಕ್ಕಕ್ಕೆ ಎಲ್ಲರೂ ಒಂದೇ ವೇಳೆಗೆ ಬಂದು ಒಂದೇ ವೇಳೆಗೆ ಬಿಡಬೇಕು. ಮಧ್ಯಾಹ್ನ 12ಕ್ಕೆ ಒಳಗೆ, ಮರುದಿನ 11ಕ್ಕೆ ಹೊರಗೆ ಎಂಬ ಈಗಿನ ಕಟ್ಟಳೆ ಹಾಗೆ ಬಂದದ್ದು. ತಡವಾಗಿ ಬಂದವನ ನಷ್ಟ ಈಗ ಅವನದೇ.

ಲಾಡ್ಜುಗಳಿಗಿಂತ ಹಳೆಯ ಎರಡು ಏರ್ಪಾಡುಗಳನ್ನೂ ಇಲ್ಲಿ ನೆನೆಯಬೇಕು. ಒಂದು ಛತ್ರ, ಎಂದರೆ ದಾನಿಗಳೋ ಅರಸರೋ ದಾರಿಹೋಕರಿಗಾಗಿ ಕಟ್ಟಿಸಿದ ತಂಗುಮನೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಆರಂಭವಾದ ಗುಬ್ಬಿ ತೋಟದಪ್ಪನವರ ಛತ್ರ ಇದಕ್ಕೆ ಹೆಸರಾಂತ ನಿದರ್ಶನ. ಇನ್ನೊಂದು ಪ್ರವಾಸಿ ಮಂದಿರ, ಜನರ ಬಾಯಲ್ಲಿ ‘ಐಬಿ’: ತಪಾಸಣೆಗೆ ಬರುವ ಅಧಿಕಾರಿಗಳಿಗಾಗಿ ಬ್ರಿಟಿಷರ ಕಾಲದಲ್ಲಿ ರೂಪುಗೊಂಡು, ಮುಂದೆ ಲೋಕೋಪಯೋಗಿ ಇಲಾಖೆಯ ಸುಪರ್ದಿನಲ್ಲಿ ಉಳಿದ ಹೆಂಚಿನ ಬಂಗಲೆ. ಅಲ್ಲಿ ಅಡುಗೆ, ಕಾವಲು ಎರಡನ್ನೂ ನೋಡಿಕೊಳ್ಳುತ್ತಿದ್ದ ಮೇಟಿ ಖಾಲಿಯಿದ್ದ ಕೋಣೆಯನ್ನು ಸಾಮಾನ್ಯ ಪ್ರವಾಸಿಗೂ ತೆರೆದುಕೊಡುತ್ತಿದ್ದುದುಂಟು, ಆದರೆ ನಡುರಾತ್ರಿ ಸಾಹೇಬರ ಜೀಪು ಬಂದರೆ ಜಾಗ ಬಿಡಬೇಕಾಗುತ್ತಿತ್ತು. ಮುಂಗಡವಾಗಿ ವಸತಿ ಗೊತ್ತುಮಾಡಿಕೊಳ್ಳುವುದು ಆ ಕಾಲದಲ್ಲಿ ಬಹುಮಟ್ಟಿಗೆ ಅಧಿಕಾರ ಉಳ್ಳವರ ಸೌಲಭ್ಯವಾಗಿತ್ತೆಂಬುದನ್ನು ಮರೆಯಬಾರದು.

ಹೋದಲ್ಲಿ ಕೋಣೆ ಕೇಳುವ ಪದ್ಧತಿ ಎಲ್ಲರಿಗೂ ಒಂದೇ ಬಗೆಯಲ್ಲಿ ದಯೆ ತೋರಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಗಲ್ಲಾದವರ ಕಣ್ಣಳತೆ ಕೆಲವರ ಪಾಲಿಗೆ ಬಾಗಿಲು ಮುಚ್ಚುವ ಸಾಧನವೂ ಆಗಿತ್ತು. ಒಬ್ಬಂಟಿ ಹೆಂಗಸು ರಾತ್ರಿ ಎಂಟರ ಮೇಲೆ ಕೋಣೆ ಕೇಳಿದರೆ ಎಷ್ಟೋ ಊರುಗಳಲ್ಲಿ ‘ರೂಮ್ ಇಲ್ಲಮ್ಮ’ ಎಂಬ ಉತ್ತರ ಬರುತ್ತಿತ್ತು, ಹಿಂದಿನ ಹಲಗೆಯಲ್ಲಿ ಬೀಗದ ಕೈಗಳು ಸಾಲಾಗಿ ತೂಗುತ್ತಿರುವುದು ಕಾಣುತ್ತಿದ್ದರೂ. ಹಲವು ಛತ್ರಗಳು ಜಾತಿಯ ಹೆಸರಿನಲ್ಲೇ ನಡೆಯುತ್ತಿದ್ದುವು. ಮದುವೆಯ ಮುಹೂರ್ತಗಳಲ್ಲಿ, ಜಾತ್ರೆಗಳಲ್ಲಿ, ದಸರಾ ಸಮಯದ ಮೈಸೂರಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬೀದಿ ಬೀದಿ ಅಲೆದವರ ಪಾಡು ಸಣ್ಣದಲ್ಲ. ಕೆಲಸದ ನಿಮಿತ್ತ ಒಬ್ಬರೇ ಊರೂರು ತಿರುಗುವ ಮಹಿಳೆಯರಿಗೆ ಮುಂಗಡವಾಗಿ ಖಚಿತವಾದ ಕೋಣೆ ಕೊಟ್ಟ ಧೈರ್ಯ ದೊಡ್ಡದು, ಅದನ್ನು ಕಡೆಗಣಿಸಿ ಹಳೆಯದನ್ನು ಹೊಗಳುವುದು ನ್ಯಾಯವಲ್ಲ.

ಬದಲಾವಣೆ ಮೊದಲು ಮೆಲ್ಲಗೆ ಬಂತು. 1971ರಲ್ಲಿ ಸ್ಥಾಪನೆಯಾದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ’ ಹೋಟೆಲುಗಳು ಬೇಲೂರು, ಬಾದಾಮಿ, ಜೋಗ, ಕಮಲಾಪುರಗಳಲ್ಲಿ ನೆಲೆಯೂರಿ, ಬೆಂಗಳೂರಿನಲ್ಲೇ ಕೋಣೆ ಗೊತ್ತುಮಾಡುವ ಅಭ್ಯಾಸವನ್ನು ಮಧ್ಯಮವರ್ಗಕ್ಕೆ ಕಲಿಸಿದುವು. ಎಸ್‌ಟಿಡಿ ಬೂತುಗಳು, ಎಂದರೆ ಸರದಿ ಕಾಯದೆ ಪರಊರಿಗೆ ನೇರವಾಗಿ ಕರೆ ಮಾಡಬಹುದಾದ ಫೋನಿನ ಅಂಗಡಿಗಳು, ಬಂದಮೇಲೆ ಪರಿಚಯದ ಲಾಡ್ಜಿಗೆ ದಾರಿಮಧ್ಯದಿಂದ ಫೋನು ಮಾಡಿ ‘ಎಂಟರೊಳಗೆ ಬರ್ತೀವಿ, ಒಂದು ರೂಮ್ ಇಟ್ಟಿರಿ’ ಎನ್ನಬಹುದಾಯಿತು. ಹಣವಿಲ್ಲದೆ, ಬರಿಯ ಮಾತಿನ ಮೇಲೆ ನಡೆದ ಕಾಯ್ದಿರಿಸುವಿಕೆ ಅದು. ಆಮೇಲೆ ಕೊಡಗು, ಚಿಕ್ಕಮಗಳೂರುಗಳಲ್ಲಿ ಹೋಂಸ್ಟೇಗಳು, ಎಂದರೆ ತೋಟದ ಮನೆಯವರೇ ತಮ್ಮ ಕೋಣೆಗಳನ್ನು ಅತಿಥಿಗಳಿಗೆ ಕೊಡುವ ವಸತಿಗಳು, ಹೆಚ್ಚಿದುವು. ಕಾಫಿ ತೋಟದ ಒಳಗೆ ಎರಡು ಮೂರು ಕಿಲೋಮೀಟರು ಮಣ್ಣುದಾರಿಯಲ್ಲಿರುವ ಮನೆ ಹೆದ್ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದಿಲ್ಲ, ಎಷ್ಟು ಜನಕ್ಕೆ ಅಕ್ಕಿ ಹಾಕಬೇಕೆಂಬುದು ಮನೆಯವರಿಗೂ ಮೊದಲೇ ತಿಳಿದಿರಬೇಕು; ಮುಂಗಡ ಹೇಳುವುದು ಅಲ್ಲಿ ಸಹಜವಾದ ಮರ್ಯಾದೆ.

ನಿಜವಾದ ಪೆಟ್ಟು ಬಿದ್ದದ್ದು ಎರಡು ಕಡೆಯಿಂದ, ಮತ್ತು ಅದರಲ್ಲಿ ಮೊದಲನೆಯದು ಮೊಬೈಲ್ ಫೋನಲ್ಲ, ರಸ್ತೆ. ಬೆಂಗಳೂರು–ಪುಣೆ ಹೆದ್ದಾರಿ ಚತುಷ್ಪಥವಾದಾಗ ಬೈಪಾಸುಗಳು, ಎಂದರೆ ಊರನ್ನು ಹೊಕ್ಕದೆ ಹೊರಗಿನಿಂದಲೇ ದಾಟಿಸುವ ರಸ್ತೆಗಳು, ಚಿತ್ರದುರ್ಗ, ದಾವಣಗೆರೆಯಂಥ ಊರುಗಳ ಪೇಟೆ ಬೀದಿಗಳಿಂದ ದೂರಪ್ರಯಾಣದ ವಾಹನಗಳನ್ನು ಆಚೆ ಸೆಳೆದುವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೀಗೆಯೇ ಬದಿಗಿಟ್ಟಿತು. ಊರೊಳಗೆ ಬಾರದವರಿಗೆ ಊರಿನ ಲಾಡ್ಜಿನ ಬೋರ್ಡು ಕಾಣುವುದೆಲ್ಲಿಂದ?

ಎರಡನೆಯದು ಆನ್‌ಲೈನ್ ಮಧ್ಯವರ್ತಿ ಸಂಸ್ಥೆಗಳು ಹೋಟೆಲುಗಳ ಮೇಲೆ ಹೇರಿದ ಬೆಲೆ ಸಮಾನತೆಯ ಷರತ್ತು. ಹೋಟೆಲಿನವರು ತಮ್ಮ ಗಲ್ಲಾದಲ್ಲಾಗಲಿ ಬೇರೆ ಜಾಲತಾಣದಲ್ಲಾಗಲಿ ಆ ಸಂಸ್ಥೆಯ ದರಕ್ಕಿಂತ ಕಡಿಮೆಗೆ ಕೋಣೆ ಕೊಡಕೂಡದು ಎಂಬುದು ಅದರ ತಿರುಳು. ಹೊತ್ತು ಮೀರಿದ ಮೇಲೆ ಉಳಿದ ಕೋಣೆಯನ್ನು ಬಾಗಿಲಿಗೆ ಬಂದವರಿಗೆ ಚೌಕಾಶಿಯಲ್ಲಿ ಕೊಟ್ಟುಬಿಡುವ ಲಾಡ್ಜಿನವರ ಹಳೆಯ ಸ್ವಾತಂತ್ರ್ಯವನ್ನೇ ಇದು ಕಟ್ಟಿಹಾಕಿತು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮೇಕ್‌ಮೈಟ್ರಿಪ್–ಗೋಐಬಿಬೊ ಸಮೂಹಕ್ಕೆ 223.48 ಕೋಟಿ ರೂಪಾಯಿ ದಂಡ ವಿಧಿಸಿ, ಇಂಥ ಷರತ್ತುಗಳನ್ನು ಕೈಬಿಡುವಂತೆ ಆದೇಶಿಸಿತು. ಅಷ್ಟರಲ್ಲಿ ಪ್ರಯಾಣಿಕರ ರೂಢಿ ಬದಲಾಗಿತ್ತು. ಇಂದು ಗಲ್ಲಾದ ಮುಂದೆ ನಿಂತವರೇ ಮೊಬೈಲಿನಲ್ಲಿ ಅದೇ ಲಾಡ್ಜಿನ ಕೋಣೆ ಕಾಯ್ದಿರಿಸಿ, ಪರದೆಯನ್ನು ಮ್ಯಾನೇಜರಿಗೆ ತೋರಿಸುವುದನ್ನು ಯಾವ ಊರಿನಲ್ಲಾದರೂ ಕಾಣಬಹುದು.

ಹಳೆಯ ಬಗೆಯ ವಸತಿ ಪೂರ್ತಿ ಅಳಿದಿಲ್ಲ. ವಾರದ ನಡುವಿನ ದಿನಗಳಲ್ಲಿ ಸಾಗರ, ಶಿರಸಿ, ಹಾಸನದಂಥ ಊರುಗಳ ಬಸ್ ನಿಲ್ದಾಣದ ಬಳಿ ಕೇಳಿದರೆ ಇಂದಿಗೂ ಕೋಣೆ ಸಿಗುತ್ತದೆ, ತೋರಿಸಿ ಎಂದರೆ ತೋರಿಸುತ್ತಾರೆ ಕೂಡ. ಔಷಧ ಕಂಪನಿಗಳ ಪ್ರತಿನಿಧಿಗಳು, ಕೋರ್ಟು ಕಚೇರಿಗೆ ಬಂದವರು, ಆಸ್ಪತ್ರೆಯಲ್ಲಿ ನೆಂಟರನ್ನು ಸೇರಿಸಿದವರು ಇವನ್ನು ಉಳಿಸಿದ್ದಾರೆ. ಇವರ ಪ್ರಯಾಣಕ್ಕೆ ಮುಂಗಡದ ತಾರೀಖು ಹಾಕಲು ಬಾರದು; ಇವರಿಗಾಗಿಯಾದರೂ ತಾಲ್ಲೂಕು ಕೇಂದ್ರದಲ್ಲಿ ನಾಲ್ಕು ಕೋಣೆ ಕೇಳಿದ ಕೂಡಲೇ ಸಿಗುವಂತಿರಬೇಕು. ಪ್ರವಾಸಕ್ಕೆಂದೇ ಹೊರಟವರ ಮಾತು ಬೇರೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ಪ್ರವಾಸಿ ವಾಹನಗಳಿಗೆ 2025ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ಮುಂಗಡ ಆನ್‌ಲೈನ್ ನೋಂದಣಿಯನ್ನು ಗೊತ್ತುಪಡಿಸಿದೆ. ವಾರಾಂತ್ಯದ ವಾಹನದಟ್ಟಣೆಯನ್ನು ಕಂಡವರು ಇದನ್ನು ತಪ್ಪೆನ್ನಲಾರರು, ಆದರೆ ಅಲ್ಲಿಗೆ ಮುಂಗಡವಾಗಿ ಗೊತ್ತುಮಾಡಿಕೊಳ್ಳಬೇಕಾದದ್ದು ಕೋಣೆಯನ್ನು ದಾಟಿ ದಾರಿಗೂ ತಲುಪಿದೆ.