ನ್ಯೂಜರ್ಸಿಯಲ್ಲಿ ನಾವು ಮನೆ ಹುಡುಕಿದ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಮನೆತನ ನಮ್ಮಲ್ಲಿ ಇರಲಾರದು. ಅಮೇರಿಕೆಯ ನ್ಯೂಜರ್ಸಿ ರಾಜ್ಯದಲ್ಲಿ ನೆಲೆಸಿರುವ ನಮ್ಮಂಥವರಿಗೆ ಮನೆ ಕಟ್ಟಿಸುವ ಪ್ರಸಂಗ ಬರುವುದು ಅಪರೂಪ; ಯಾರೋ ಕಟ್ಟಿಸಿ ಬಾಳಿ ಬಿಟ್ಟ ಮನೆಯನ್ನು ಕೊಳ್ಳುವುದೇ ಅಲ್ಲಿಯ ರೂಢಿ. ಆದರೆ ಯಾವ ಊರಿನಲ್ಲಿ ಕೊಳ್ಳಬೇಕೆಂದು ನಿಶ್ಚಯಿಸುವುದು ಕಟ್ಟಿಸುವುದಕ್ಕಿಂತ ಕಡಿಮೆ ಶ್ರಮದ ಕೆಲಸವಲ್ಲ. 2023ರ ದಸರೆಯಿಂದ ಮರುವರ್ಷದ ಬಸವ ಜಯಂತಿಯವರೆಗೆ ನಮ್ಮ ರವಿವಾರಗಳೆಲ್ಲ ಅದಕ್ಕೇ ಸಂದವು. ಊರಿಗೆ ಬಂದಾಗ ಬಂಧುಗಳು, "ಇಬ್ಬರೂ ದುಡಿಯುವವರು, ಇಷ್ಟು ಹಳೆಯ ಸಣ್ಣ ಮನೆಯನ್ನೇಕೆ ಹಿಡಿದಿರಿ?" ಎಂದು ಕೇಳುತ್ತಾರೆ. ಮಕ್ಕಳು ಮೊಮ್ಮಕ್ಕಳು ಆ ಸೀಮೆಯಲ್ಲಿರುವ ಮನೆಗಳು ಈ ಪತ್ರಿಕೆಯ ಓದುಗರಲ್ಲಿ ಅನೇಕ ಇರುವುದರಿಂದ ಉತ್ತರವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ನಮ್ಮದು ಐವರ ಸಂಸಾರ. ಯಜಮಾನರ ಕಛೇರಿ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ. ವಾರಕ್ಕೆ ನಾಲ್ಕು ದಿನ ಹೋಗಲೇಬೇಕು. ಮನೆಯಾಕೆಯ ಕೆಲಸ ಟ್ರೆಂಟನ್ ಸಮೀಪದ ಒಂದು ಪ್ರಯೋಗಾಲಯದಲ್ಲಿ. ಮಗಳಿಗೆ ಆಗ ಹನ್ನೆರಡು ವರುಷ, ಮಗನಿಗೆ ಎಂಟು. ಹಾವೇರಿಯಿಂದ ಬಂದು ನಮ್ಮೊಡನಿರುವ ತಾಯಿಯವರಿಗೆ ಎಪ್ಪತ್ತೆರಡು. ಒಬ್ಬೊಬ್ಬರಿಗೆ ಒಂದೊಂದು ಊರು ಅನುಕೂಲ. ಐವರಿಗೂ ಒಪ್ಪುವ ಊರು ನಕ್ಷೆಯಲ್ಲಿ ಎಲ್ಲಿಯೂ ಕಾಣಲಿಲ್ಲ.

ಆ ನಾಡಿನ ಶಾಲೆಯ ವ್ಯವಸ್ಥೆಯನ್ನು ಮೊದಲು ಹೇಳದಿದ್ದರೆ ಮುಂದಿನದು ಅರ್ಥವಾಗಲಾರದು. ಅಲ್ಲಿ ಸರಕಾರಿ ಶಾಲೆಗೆ ಶುಲ್ಕವಿಲ್ಲ. ಹೆಚ್ಚಿನ ಮಕ್ಕಳು ಓದುವುದು ಅಲ್ಲಿಯೇ. ಆದರೆ ಯಾವ ಶಾಲೆ ಎಂಬುದನ್ನು ಬಹುಮಟ್ಟಿಗೆ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಸಣ್ಣ ರಾಜ್ಯವಾದ ನ್ಯೂಜರ್ಸಿಯಲ್ಲಿ 560ಕ್ಕೂ ಮಿಕ್ಕಿದ ಊರಾಡಳಿತಗಳೂ ಆರುನೂರರ ಸಮೀಪ 'ಸ್ಕೂಲ್ ಡಿಸ್ಟ್ರಿಕ್ಟ್'ಗಳೂ ಇವೆ. ಮನೆಯ ಮೇಲೆ ಕಟ್ಟುವ ಆಸ್ತಿ ತೆರಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಶಾಲೆಗಳಿಗೆ ಹೋಗುತ್ತದೆ. ರಾಜ್ಯದ ಸರಾಸರಿ ತೆರಿಗೆ 2024ರಲ್ಲಿ ಮನೆಯೊಂದಕ್ಕೆ ಹತ್ತು ಸಾವಿರ ಡಾಲರು ದಾಟಿತು. ಒಳ್ಳೆಯ ಹೆಸರಿನ ಶಾಲೆಯಿರುವ ಊರಿನಲ್ಲಿ ಮನೆಯ ಬೆಲೆ ಏರುತ್ತದೆ. ಬೆಲೆ ಏರಿದ ಊರಿಗೆ ಹಣವುಳ್ಳವರು ಬರುತ್ತಾರೆ. ಅವರ ಮಕ್ಕಳು ಅಂಕ ತೆಗೆಯುತ್ತಾರೆ. ಶಾಲೆಯ ಹೆಸರು ಇನ್ನಷ್ಟು ಬೆಳೆಯುತ್ತದೆ. ಶುಲ್ಕವಿಲ್ಲದ ಶಾಲೆಗೆ ಶುಲ್ಕವು ಮನೆಯ ಸಾಲದ ಕಂತಿನಲ್ಲಿ ಅಡಗಿ ಕುಳಿತಿದೆ ಎಂದರೆ ತಪ್ಪಾಗಲಾರದು.

ನಮ್ಮ ಹಿರಿಯರು ಕಂಡ ಕ್ರಮ ಬೇರೆಯಾಗಿದ್ದಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಒಂದೇ ಅಂಗಳದಲ್ಲಿ ದೊರೆತದ್ದು ಓದುಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ನಮ್ಮ ತಂದೆಯವರೂ ಉಚಿತ ಪ್ರಸಾದ ನಿಲಯದಲ್ಲಿದ್ದುಕೊಂಡು ಓದಿದವರು. ಟ್ರಂಕು ಹೊತ್ತು ಹುಡುಗನೊಬ್ಬನು ಹೊರಟರೆ ಸಾಕಾಗಿತ್ತು, ಹೊಲಮನೆ ಇದ್ದಲ್ಲಿಯೇ ಇರುತ್ತಿದ್ದವು. ನ್ಯೂಜರ್ಸಿಯಲ್ಲಿ ಹುಡುಗನ ಶಾಲೆಗಾಗಿ ಅಜ್ಜಿ ಸಹಿತ ಇಡೀ ಸಂಸಾರವೇ ಗಂಟು ಕಟ್ಟಬೇಕು. ಇದನ್ನು ತಾಯಿಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ನಮಗೆ ಸಾಕಾಯಿತು. ನಾಲ್ಕನೆಯ ರವಿವಾರವೂ ನಾವು ಹೊರಟಾಗ ಅವರು, "ಯಪ್ಪಾ, ನೀವು ಮನಿ ನೋಡಾಕ ಹೊಂಟೀರೋ, ಸಾಲಿ ನೋಡಾಕ ಹೊಂಟೀರೋ?" ಎಂದು ಕೇಳಿದರು.

ಭಾರತೀಯ ಸಂಸಾರಗಳಲ್ಲಿ ಎಲ್ಲರ ಬಾಯಲ್ಲಿರುವ ಊರುಗಳಲ್ಲಿ ವೆಸ್ಟ್ ವಿಂಡ್ಸರ್ ಒಂದು. ಅದಕ್ಕೂ ನೆರೆಯ ಪ್ಲೇನ್ಸ್‌ಬರೋಕ್ಕೂ ಕೂಡಿಯೇ ಒಂದು ಸ್ಕೂಲ್ ಡಿಸ್ಟ್ರಿಕ್ಟ್. ಪ್ರಿನ್ಸ್‌ಟನ್ ಜಂಕ್ಷನ್ ರೈಲು ನಿಲ್ದಾಣ ವೆಸ್ಟ್ ವಿಂಡ್ಸರಿನಲ್ಲಿಯೇ ಇದೆ. ನಮ್ಮ ಸ್ನೇಹಿತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಕಡೆಯವರೇ. ನಾವು ಅಲ್ಲಿ ನೋಡಿದ ನಾಲ್ಕು ಕೋಣೆಯ ಮನೆಯೊಂದಕ್ಕೆ 8 ಲಕ್ಷ 60 ಸಾವಿರ ಡಾಲರು. ವರ್ಷದ ತೆರಿಗೆ ಹದಿನೇಳು ಸಾವಿರ. 2021ರ ಆರಂಭದಲ್ಲಿ ಶೇಕಡಾ ಮೂರಕ್ಕಿಂತ ಕೆಳಗಿದ್ದ ಮೂವತ್ತು ವರ್ಷದ ಗೃಹಸಾಲದ ಬಡ್ಡಿ 2023ರ ಅಕ್ಟೋಬರಿನಲ್ಲಿ ಏಳೂವರೆಯನ್ನು ಮೀರಿ, ನಾವು ಕೊಳ್ಳುವ ಹೊತ್ತಿಗೆ ಏಳರ ಸುತ್ತ ನಿಂತಿತ್ತು. ಐದನೆಯ ಒಂದು ಭಾಗ ಕೈಯಿಂದ ಕೊಟ್ಟು ಉಳಿದುದಕ್ಕೆ ಸಾಲ ಮಾಡಿದರೂ ತಿಂಗಳ ಕಂತು 4,577 ಡಾಲರು. ತೆರಿಗೆ ಸೇರಿಸಿದರೆ ಆರು ಸಾವಿರದಷ್ಟು. ಹೀಟರು, ವಿಮೆ, ಹುಲ್ಲು ಕತ್ತರಿಸುವುದು ಇವೆಲ್ಲ ಬೇರೆ.

ಆ ಶಾಲೆಗಳು ಉತ್ತಮವೇ, ಅದರಲ್ಲಿ ಸಂಶಯವಿಲ್ಲ. ಆದರೆ ಉತ್ತಮವೆಂಬುದಕ್ಕೂ ಬೆಲೆಯಿದೆ. 2015ರಲ್ಲಿ ಅದೇ ಡಿಸ್ಟ್ರಿಕ್ಟಿನ ಅಧೀಕ್ಷಕರು ಪೋಷಕರಿಗೆ ದೀರ್ಘ ಪತ್ರ ಬರೆದು, ಮಕ್ಕಳು ಒತ್ತಡದಿಂದ ಬಳಲುತ್ತಿರುವರೆಂದೂ ಅಂಕದ ಹಂಬಲ ಮಿತಿಮೀರಿತೆಂದೂ ಎಚ್ಚರಿಸಿದರು. ಮನೆಗೆಲಸವಿಲ್ಲದ ರಾತ್ರಿಗಳನ್ನು ಗೊತ್ತುಮಾಡಿದರು, ಪ್ರೌಢಶಾಲೆಯ ಅರ್ಧವಾರ್ಷಿಕ ಮತ್ತು ವಾರ್ಷಿಕ ದೊಡ್ಡ ಪರೀಕ್ಷೆಗಳನ್ನು ತೆಗೆದರು. ಪೋಷಕರಲ್ಲಿ ಎರಡು ಪಂಗಡಗಳಾದವು. ವಲಸೆ ಬಂದ ಏಷ್ಯಾದ ಕುಟುಂಬಗಳಲ್ಲಿ ಅನೇಕರು ಇದರಿಂದ ಮಕ್ಕಳ ಓದು ಸಡಿಲವಾಗುವುದೆಂದು ವಿರೋಧಿಸಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿಯೂ ಇದು ದೊಡ್ಡ ಸುದ್ದಿಯಾಯಿತು. ಆ ವಿವಾದದಲ್ಲಿ ನಾವು ಯಾವ ಪಕ್ಷವನ್ನೂ ದೂರಲಾರೆವು. ಪರೀಕ್ಷೆಯ ಬಲದಿಂದಲೇ ಕಡಲು ದಾಟಿ ಬಂದವರಿಗೆ ಪರೀಕ್ಷೆ ಬೇಡವೆಂದರೆ ಕೈಯಲ್ಲಿನ ಊರುಗೋಲನ್ನು ಕಿತ್ತುಕೊಂಡಂತಾಗುವುದು ಸಹಜ.

ಪ್ಲೇನ್ಸ್‌ಬರೋದಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟುಗಳು ಬಹಳ. ಕೊಳ್ಳಲಾಗದವರು ಅಲ್ಲಿ ಬಾಡಿಗೆಗಿದ್ದು ಮಕ್ಕಳನ್ನು ಅದೇ ಶಾಲೆಗಳಿಗೆ ಕಳಿಸುವುದುಂಟು. ಅದು ಜಾಣತನದ ದಾರಿಯೇ. ಆದರೆ ನಮಗೆ ದೊರೆಯುವಂತಿದ್ದ ಮನೆ ಮಹಡಿಯ ಮೇಲಿನದು, ಎರಡೇ ಕೋಣೆ. ಮಂಡಿನೋವಿನ ತಾಯಿಯವರಿಗೆ ಮೆಟ್ಟಿಲು ಆಗದು.

ಇನ್ನು ರೈಲಿನ ವಿಚಾರ. ಟ್ರೆಂಟನ್‌ನಿಂದ ಹೊರಡುವ ನಾರ್ತ್‌ಈಸ್ಟ್ ಕಾರಿಡಾರ್ ಮಾರ್ಗದಲ್ಲಿ ಹ್ಯಾಮಿಲ್ಟನ್, ಪ್ರಿನ್ಸ್‌ಟನ್ ಜಂಕ್ಷನ್, ನ್ಯೂಬ್ರನ್ಸ್‌ವಿಕ್, ಎಡಿಸನ್, ಮೆಟ್ರೋಪಾರ್ಕ್ ಮೊದಲಾದ ನಿಲ್ದಾಣಗಳು ಬರುತ್ತವೆ. ಮೆಟ್ರೋಪಾರ್ಕಿನಿಂದ ಮ್ಯಾನ್‌ಹಟನ್ನಿಗೆ ಮುಕ್ಕಾಲು ಗಂಟೆ, ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ಒಂದು ಗಂಟೆಗೆ ತುಸು ಹೆಚ್ಚು, ಹ್ಯಾಮಿಲ್ಟನ್ನಿನಿಂದ ಒಂದೂಕಾಲು ಗಂಟೆಯಷ್ಟು. ನಗರಕ್ಕೆ ಹತ್ತಿರವಾದಷ್ಟೂ ಮನೆ ದುಬಾರಿ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಹ್ಯಾಮಿಲ್ಟನ್ ಎರಡನೆಯ ನಿಲ್ದಾಣವಾದ್ದರಿಂದ ಬೆಳಿಗ್ಗೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಮುಕ್ಕಾಲು ಗಂಟೆ ನಿಂತು ಹೋಗುವುದಕ್ಕಿಂತ ಒಂದೂಕಾಲು ಗಂಟೆ ಕುಳಿತು ಹೋಗುವುದು ಮೇಲು ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ಇದನ್ನು ಒಪ್ಪದವರೂ ಇರಬಹುದು. ಈ ಮಾರ್ಗದಲ್ಲಿ ಹಡ್ಸನ್ ನದಿಯ ಕೆಳಗಿನ ಜೋಡಿ ಸುರಂಗಗಳು 1910ರಲ್ಲಿ ತೆರೆದವು. 2012ರ ಸ್ಯಾಂಡಿ ಚಂಡಮಾರುತದಲ್ಲಿ ಅವುಗಳೊಳಗೆ ಉಪ್ಪುನೀರು ನುಗ್ಗಿತ್ತು. 2024ರ ಬೇಸಿಗೆಯಲ್ಲಿ ಈ ಮಾರ್ಗದ ವಿದ್ಯುತ್ ತಂತಿಗಳ ದೋಷದಿಂದ ರೈಲುಗಳು ತಾಸುಗಟ್ಟಲೆ ನಿಂತದ್ದೂ, ಅದೇ ಜುಲೈನಲ್ಲಿ ರೈಲು ದರ ಶೇಕಡಾ 15ರಷ್ಟು ಏರಿದ್ದೂ ಪತ್ರಿಕೆಗಳಲ್ಲಿ ಬಂದಿದೆ. ಆದ್ದರಿಂದ ಮನೆ ನೋಡುವವರು ವೇಳಾಪಟ್ಟಿಯ ನಿಮಿಷಗಳನ್ನಷ್ಟೇ ನಂಬದೆ, ರೈಲು ತಡವಾದ ದಿನ ಮಕ್ಕಳನ್ನು ಯಾರು ಕರೆತರುವರೆಂಬುದನ್ನೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಅದು ಮನೆಯಾಕೆಯ ಪಾಲು. ಹೀಗಾಗಿ ಅವಳ ಪ್ರಯೋಗಾಲಯ ಹತ್ತಿರವಿರುವುದು, ಅವನ ಕಛೇರಿ ಹತ್ತಿರವಿರುವುದಕ್ಕಿಂತ ಮುಖ್ಯವಾಯಿತು.

ಇಷ್ಟೆಲ್ಲ ಲೆಕ್ಕಗಳ ನಡುವೆ ನಮ್ಮನ್ನು ನಿಜವಾಗಿ ಕಾಡುತ್ತಿದ್ದವನು ಮಗ. ಅಜ್ಜಿ ಹೇಳಿದ ಕಥೆಯನ್ನು ಒಮ್ಮೆ ಕೇಳಿದರೆ ಸಾಕು, ಅಭಿನಯ ಸಹಿತ ಒಪ್ಪಿಸುತ್ತಾನೆ; ಪುಸ್ತಕ ಹಿಡಿದರೆ ಮಾತ್ರ ಅಕ್ಷರಗಳು ಅವನಿಗೆ ಒಲಿಯವು. ಎರಡನೆಯ ತರಗತಿ ಮುಗಿದರೂ ಒಂದು ಪುಟ ಓದುವಷ್ಟರಲ್ಲಿ ಕಣ್ಣೀರು. ಆಗ ಅವನು ಓದುತ್ತಿದ್ದ ಶಾಲೆಯಲ್ಲಿ, "ಮನೆಯಲ್ಲಿ ಎರಡು ಭಾಷೆ ಇರುವುದರಿಂದ ಹೀಗೆ, ಇನ್ನೊಂದು ವರ್ಷ ಕಾಯೋಣ" ಎಂದರು. ಕಾಯುವುದು ಬೇಡವೆಂದು ಸಮಾಜ ಬಾಂಧವರಲ್ಲಿ ಒಬ್ಬ ಶಿಕ್ಷಕಿ ನಮಗೆ ತಿಳಿಹೇಳಿದರು. 1975ರ ಕೇಂದ್ರ ಕಾನೂನಿನ ಪ್ರಕಾರ ಕಲಿಕೆಯ ತೊಡಕಿರುವ ಮಗುವನ್ನು ಪರೀಕ್ಷಿಸಿ ತಕ್ಕ ಶಿಕ್ಷಣ ಕೊಡುವುದು ಸರಕಾರಿ ಶಾಲೆಯ ಕರ್ತವ್ಯ, ಅದಕ್ಕೆ ಹಣ ಕೇಳುವಂತಿಲ್ಲ. ನ್ಯೂಜರ್ಸಿಯ ನಿಯಮದಂತೆ ಪೋಷಕರು ಲಿಖಿತ ಮನವಿ ಕೊಟ್ಟ ಇಪ್ಪತ್ತು ದಿನಗಳೊಳಗೆ ಸಭೆ ಕರೆಯಬೇಕು. ಒಪ್ಪಿಗೆ ಪಡೆದ ತೊಂಬತ್ತು ದಿನಗಳಲ್ಲಿ ಪರೀಕ್ಷೆ ಮುಗಿಸಿ, ತೊಡಕು ಕಂಡರೆ 'ಐಇಪಿ' ಎಂಬ ಪ್ರತ್ಯೇಕ ಯೋಜನೆಯನ್ನು ಜಾರಿಗೆ ತರಬೇಕು. ಬಾಯಿಮಾತಿನ ಮನವಿಗೆ ಈ ಗಡುವುಗಳು ಅನ್ವಯಿಸವು. ನಾವು ಪತ್ರ ಬರೆದೆವು. ಫಲಿತಾಂಶ ಡಿಸ್ಲೆಕ್ಸಿಯಾ ಎಂದು ಬಂದಿತು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಆದರೆ ಹುಡುಗನು ಸೋಮಾರಿಯಲ್ಲವೆಂಬುದು ಕಾಗದದ ಮೇಲೆ ಮೂಡಿತಲ್ಲ ಎಂಬ ಸಮಾಧಾನವೂ ಇತ್ತು.

ಅಲ್ಲಿಂದ ನಮ್ಮ ಹುಡುಕಾಟದ ಕ್ರಮವೇ ಬದಲಾಯಿತು. ಹತ್ತಕ್ಕೆ ಇಷ್ಟು ಎಂದು ಶಾಲೆಗಳಿಗೆ ಕೊಡುವ ಅಂಕಗಳು ಬಹುಪಾಲು ಪರೀಕ್ಷೆಯ ಅಂಕಗಳಿಂದ ಹುಟ್ಟಿದವು. ಪರೀಕ್ಷೆಯ ಅಂಕಗಳಿಗೂ ತಂದೆತಾಯಿಗಳ ಆದಾಯಕ್ಕೂ ಇರುವ ನಂಟನ್ನು ಸಂಶೋಧಕರು ಬಹುಕಾಲದಿಂದ ತೋರಿಸುತ್ತ ಬಂದಿದ್ದಾರೆ. ರಾಜ್ಯದ ಶಿಕ್ಷಣ ಇಲಾಖೆ ಪ್ರತಿಯೊಂದು ಶಾಲೆಯ ವರದಿಯನ್ನು ಪ್ರಕಟಿಸುತ್ತದೆ. ಮಕ್ಕಳು ಹಿಂದಿನ ವರ್ಷಕ್ಕಿಂತ ಎಷ್ಟು ಮುಂದುವರಿದರು, ಎಷ್ಟು ಮಂದಿ ಪದೇಪದೇ ಗೈರುಹಾಜರಾದರು ಎಂಬುದೂ ಅದರಲ್ಲಿದೆ. ನಾವು ಆ ಪುಟಗಳನ್ನು ಓದತೊಡಗಿದೆವು. ಒಂದೊಂದು ಊರಿನ ಕಛೇರಿಗೂ ಹೋಗಿ, ಓದಲು ತೊಡಕಿರುವ ಮಗುವಿಗೆ ವಾರಕ್ಕೆ ಎಷ್ಟು ನಿಮಿಷ ಪಾಠ, ಗುಂಪಿನಲ್ಲಿ ಎಷ್ಟು ಮಕ್ಕಳು, ಕಲಿಸುವವರು ಯಾವ ತರಬೇತಿ ಪಡೆದವರು ಎಂದು ಕೇಳಿದೆವು. ಬಹಳ ಹೆಸರುವಾಸಿಯಾದ ಒಂದು ಊರಿನಲ್ಲಿ ನಮಗೆ ಸಿಕ್ಕ ಉತ್ತರ, ತಮ್ಮ ಪ್ರೌಢಶಾಲೆಯಿಂದ ಯಾವ ಯಾವ ವಿಶ್ವವಿದ್ಯಾಲಯಗಳಿಗೆ ಮಕ್ಕಳು ಹೋದರೆಂಬ ಪಟ್ಟಿ. ಹ್ಯಾಮಿಲ್ಟನ್ನಿನಲ್ಲಿ ನಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹೇಳಿದರು. ಕೆಲವಕ್ಕೆ ಉತ್ತರ ನಮಗೆ ಹಿತವಾಗಿರಲಿಲ್ಲ, ಆದರೂ ಹೇಳಿದರು.

ಹ್ಯಾಮಿಲ್ಟನ್ ಟ್ರೆಂಟನ್ನಿಗೆ ಅಂಟಿಕೊಂಡ ಊರು. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಸಾಧಾರಣ ಮನೆಗಳು ಅಲ್ಲಿ ಸಾಲುಸಾಲಾಗಿವೆ. ನಾವು ಕೊಂಡ ಮನೆಗೆ 4 ಲಕ್ಷ 70 ಸಾವಿರ ಡಾಲರು. ಕಂತು, ತೆರಿಗೆ ಸೇರಿ ತಿಂಗಳಿಗೆ 3,250ರಷ್ಟು. ವೆಸ್ಟ್ ವಿಂಡ್ಸರಿನ ಮನೆಗೂ ಇದಕ್ಕೂ ಹೆಚ್ಚುಕಡಿಮೆ 2,750 ಡಾಲರಿನ ಅಂತರ. ಆ ಹಣದಲ್ಲಿ ಒಂದು ಭಾಗ ಮಗನಿಗೆ ವಾರದಲ್ಲಿ ಎರಡು ಸಂಜೆ ಪಾಠ ಹೇಳುವ ಶಿಕ್ಷಕಿಗೆ, ಒಂದು ಭಾಗ ತಾಯಿಯವರ ಔಷಧೋಪಚಾರಕ್ಕೆ ಹೋಗುತ್ತದೆ. ಮಲಗುವ ಕೋಣೆಯೊಂದು ಕೆಳಗೇ ಇದೆ. ಬೆಳಗಿನ ಲಿಂಗಪೂಜೆ ಮುಗಿಸಿ ತಾಯಿಯವರು ಯಾರ ಕಾರನ್ನೂ ಕಾಯದೆ ಕಾಲುದಾರಿಯಲ್ಲಿ ಉದ್ಯಾನದವರೆಗೆ ನಡೆದು ಬರುತ್ತಾರೆ. ಪಕ್ಕದ ಮನೆಯ ಇಟಾಲಿಯನ್ ಮೂಲದ ವೃದ್ಧೆಗೂ ಇವರಿಗೂ ಭಾಷೆ ಇಲ್ಲದೆಯೇ ಟೊಮ್ಯಾಟೊ ಸಸಿಗಳ ಕೊಡುಕೊಳ್ಳುವಿಕೆ ನಡೆದಿದೆ.

ಸ್ನೇಹಿತರು ಆಡಿಕೊಳ್ಳಲಿಲ್ಲವೆಂದಲ್ಲ. ಶಾಲೆಯ ವಿಷಯದಲ್ಲಿ ಜಿಪುಣತನ ಮಾಡಿದರು ಎಂಬ ಮಾತು ಸುತ್ತಿ ಬಳಸಿ ನಮ್ಮ ಕಿವಿಗೂ ಬಿದ್ದಿತು. ಮಗಳ ವಿಷಯದಲ್ಲಿ ಆ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲೂ ಬಾರದು. ಗಣಿತದಲ್ಲಿ ಮುಂದಿರುವ ಅವಳಿಗೆ ವೆಸ್ಟ್ ವಿಂಡ್ಸರಿನಲ್ಲಿ ಹೆಚ್ಚಿನ ಅನುಕೂಲವಿರುತ್ತಿತ್ತು, ಗೆಳತಿಯರೂ ಇದ್ದರು. ಅವಳೆದುರು ಏನನ್ನೂ ಮುಚ್ಚಿಡದೆ ಎರಡೂ ಮನೆಗಳ ಲೆಕ್ಕವನ್ನು ಮೇಜಿನ ಮೇಲೆ ಹರಡಿದೆವು. ಕೌಂಟಿಯ ತಾಂತ್ರಿಕ ಪ್ರೌಢಶಾಲೆಗೆ ಕೌಂಟಿಯ ಯಾವ ಊರಿನ ಮಕ್ಕಳೂ ಅರ್ಜಿ ಹಾಕಬಹುದೆಂಬುದನ್ನು ಪತ್ತೆ ಹಚ್ಚಿದವಳು ಅವಳೇ. ಎರಡು ದಿನ ನಮ್ಮೊಡನೆ ಮಾತು ಬಿಟ್ಟಳು. ಮೂರನೆಯ ದಿನ, ತನ್ನ ಕೋಣೆಯ ಗೋಡೆಗೆ ತಾನೇ ಬಣ್ಣ ಆರಿಸುವುದಾಗಿ ಕರಾರು ಹಾಕಿದಳು. ಈಗ ಆ ಗೋಡೆ ಕಡುನೀಲಿ.

ಮಗನು ಈಗ ತುಸು ದೊಡ್ಡ ಪುಸ್ತಕಗಳನ್ನು ಕೈಗೆತ್ತಿಕೊಳ್ಳುತ್ತಾನೆ, ನಿಧಾನವಾಗಿ. ಅಡುಗೆಮನೆಯ ಕಪಾಟುಗಳು ಮನೆ ಕಟ್ಟಿದ ಕಾಲದವೇ; ಬಾಗಿಲು ಎಳೆದರೆ ಹಿಡಿಕೆ ಕೈಗೆ ಬರುತ್ತದೆ. ಅವನ್ನು ಬದಲಾಯಿಸಲು ತೆಗೆದಿಟ್ಟ ಹಣ ಕಳೆದ ಚಳಿಗಾಲದಲ್ಲಿ ಹೀಟರಿಗೆ ಹೋಯಿತು. ಬರುವ ಬೇಸಿಗೆಯಲ್ಲಿ ನೋಡಬೇಕು.