ಪೇಪರಿನ ದುಡ್ಡು

ಹಾಲಿನ ಲೆಕ್ಕವನ್ನು ತಿಂಗಳು ತಿಂಗಳು ತಕರಾರಿಲ್ಲದೆ ಚುಕ್ತಾ ಮಾಡುವ ನಮ್ಮ ಓಣಿಯಲ್ಲಿ ಪೇಪರಿನ ಹುಡುಗ ಬಿಲ್ಲು ಹಿಡಿದು ಬಂದಾಗ ಮಾತ್ರ, "ಎಲ್ಲಾ ಮೊಬೈಲಲ್ಲೇ ಬರ್ತದಲ್ಲ, ಇನ್ಯಾಕೆ?" ಎಂಬ ಪ್ರಶ್ನೆ ಏಳುತ್ತದೆ. ಬರುತ್ತದೆ, ನಿಜ. ಆದರೆ ಮಳೆಗಾಲದ ರಾತ್ರಿ ಗುಡ್ಡ ಕುಸಿದ ಊರಿಗೆ ಬೈಕಿನಲ್ಲಿ ಹೋಗಿ, ಸತ್ತವರ ಹೆಸರನ್ನು ಆಸ್ಪತ್ರೆಯಲ್ಲೊಮ್ಮೆ, ತಹಶೀಲ್ದಾರರ ಹತ್ತಿರ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ಬರೆಯುವ ವರದಿಗಾರನ ಪೆಟ್ರೋಲಿಗೆ ಯಾರೋ ಒಬ್ಬರು ದುಡ್ಡು ಕೊಟ್ಟಿರಲೇಬೇಕಲ್ಲ?

ನಮ್ಮ ಅಜ್ಜನ ಮನೆಗೆ ಪೇಪರು ಬರುತ್ತಿದ್ದುದು ಮಧ್ಯಾಹ್ನದ ಬಸ್ಸಿಗೆ. ಕಂಡಕ್ಟರು ಕಟ್ಟನ್ನು ಹೋಟೆಲಿನ ಕಟ್ಟೆಗೆ ಎಸೆದು, ಅಲ್ಲಿ ಎರಡು ಕೈ ದಾಟಿ, ಮೂಲೆಗೆ ಬೋಂಡಾದ ಎಣ್ಣೆ ಅಂಟಿಸಿಕೊಂಡು ಅದು ಜಗಲಿ ಹತ್ತುತ್ತಿತ್ತು. ಅಜ್ಜ ಮೊದಲು ಅಡಿಕೆ ಧಾರಣೆ ನೋಡುವರು. ಆಮೇಲೆ ಕನ್ನಡಕ ಒರೆಸಿಕೊಂಡು ಸಂಪಾದಕೀಯವನ್ನು ವೇದಪಾರಾಯಣದ ಗಾಂಭೀರ್ಯದಲ್ಲಿ ಗಟ್ಟಿಯಾಗಿ ಓದುವರು. ಚಂದಾ ಕಟ್ಟಿದವರು ಅವರೊಬ್ಬರೇ, ಕೇಳಿಸಿಕೊಂಡದ್ದು ಕೇರಿಯೆಲ್ಲ. ಧಾರಣೆ ಕಿವಿಗೆ ಬಿದ್ದವನನ್ನು ಮಂಡಿಯಲ್ಲಿ ಏಮಾರಿಸುವುದು ಸುಲಭವಿರಲಿಲ್ಲ.

ಮಾತು ಎಲ್ಲಿಗೋ ಹೋಯಿತು. ದಿನಪತ್ರಿಕೆಯ ಮುಖಬೆಲೆ ಅದರ ಖರ್ಚಿಗೆ ಸಾಲುವುದಿಲ್ಲ. ಉಳಿದದ್ದನ್ನು ಜಾಹೀರಾತು ತುಂಬುತ್ತದೆ, ತುಂಬಿದವರ ವಿಷಯ ಬರೆಯುವಾಗ ಪೆನ್ನು ತಡವರಿಸುತ್ತದೆ. 1980ರಲ್ಲಿ ಪಿ. ಲಂಕೇಶ್ 'ಲಂಕೇಶ್ ಪತ್ರಿಕೆ' ಶುರುಮಾಡಿದಾಗ ಜಾಹೀರಾತಿನ ಗೊಡವೆಗೇ ಹೋಗಲಿಲ್ಲ. ಓದುಗರು ಕೊಟ್ಟ ಚಿಲ್ಲರೆಯ ಮೇಲೇ ನಿಂತು ಅದು ಅಂದಿನ ಗುಂಡೂರಾವ್ ಸರ್ಕಾರವನ್ನು ವಾರವಾರ ತರಾಟೆಗೆ ತೆಗೆದುಕೊಂಡಿತು. ಓದುಗನ ದುಡ್ಡಿಗಿರುವ ತಾಕತ್ತು ಅದು.

ಹಾಗಂತ ಚಂದಾ ಕಟ್ಟಲಾಗದವರು ಸುದ್ದಿಯಿಲ್ಲದೆ ಇರಬೇಕೇ? ಕೂಡದು. ಪಟ್ಟಣದಲ್ಲಿರುವವರು ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಬಾಬತ್ತಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೃಪೆ; ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಲೈಬ್ರರಿಯ ಉದ್ದ ಮೇಜಿನ ಒಂದು ತುದಿಗೆ ಪಿಂಚಣಿದಾರರು, ಇನ್ನೊಂದು ತುದಿಗೆ ಪಿಡಿಒ ಪರೀಕ್ಷೆಗೆ ನೋಟ್ಸು ಬರೆಯುವ ಹುಡುಗಿ, ನಡುವೆ ಹಾಳೆ ಹಾಳೆಯಾಗಿ ಹಂಚಿಹೋದ ಒಂದೇ ಪೇಪರು: ನಮ್ಮ ಅಜ್ಜನ ಜಗಲಿಯನ್ನು ಸರ್ಕಾರ ಕಾನೂನು ಮಾಡಿ ಕಟ್ಟಿಸಿದೆ ಅಂತಲೇ ನನಗನ್ನಿಸುವುದು.

ಕೈಲಾಗುವವರು ಒಂದು ಪತ್ರಿಕೆಗಾದರೂ ಚಂದಾ ಕಟ್ಟಿ. ನಿಮ್ಮೂರ ಪಂಚಾಯಿತಿಯ ಲೈಬ್ರರಿಗೆ, ಅಂದರೆ ಅರಿವು ಕೇಂದ್ರಕ್ಕೆ, ಯಾವ ಯಾವ ಪೇಪರು ಬರುತ್ತಿದೆ, ಬಾರದಿದ್ದರೆ ಯಾಕೆ ಬರುತ್ತಿಲ್ಲ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.